ಯಾವ ಕಡೆಗೂ ಸೇರದ ಸೈನ್ಯ

ನಮ್ಮ ಕೈವಾರದಲ್ಲಿ ಭೀಮ ಬಕಾಸುರನನ್ನು ಕೊಂದ ಕಥೆ ಗೊತ್ತಿಲ್ಲದ ಮಕ್ಕಳಿಲ್ಲ. ಮೊನ್ನೆ ಆ ಕಥೆ ಕೇಳಿದ ಮೊಮ್ಮಗ, "ತಾತ, ಯಾರ ಕಡೆಗೂ ಸೇರದ ಸೈನ್ಯ ಇರುತ್ತಾ? ಅದಕ್ಕೇನು ಕೆಲಸ?" ಎಂದ.

ಇತ್ತು ಮಕ್ಕಳೇ, ಅದು ನಮ್ಮದೇ ಸೈನ್ಯ!

1950ರಲ್ಲಿ ಕೊರಿಯಾದಲ್ಲಿ ಯುದ್ಧ ಶುರುವಾಯಿತು. ಉತ್ತರದವರ ಬೆನ್ನಿಗೆ ಚೀನಾ, ದಕ್ಷಿಣದವರ ಬೆನ್ನಿಗೆ ಅಮೆರಿಕ ನಿಂತವು. ಭಾರತ ಮಾತ್ರ ಕಾದಾಡಲು ಹೋಗದೆ, ಗಾಯಾಳುಗಳ ಆರೈಕೆಗೆ ವೈದ್ಯಕೀಯ ತುಕಡಿಯನ್ನು ಕಳಿಸಿತು. 1953ರ ಜುಲೈ 27ರಂದು ಕದನ ನಿಂತಿತು. ಆದರೆ 22,000ಕ್ಕೂ ಹೆಚ್ಚು ಕೈದಿಗಳು ತಮ್ಮ ದೇಶಕ್ಕೆ ಮರಳಲು ಒಪ್ಪಲಿಲ್ಲ. ಅವರನ್ನು ಕಾಯುವವರು ಯಾರು?

ಅದಕ್ಕಾಗಿ ಐದು ತಟಸ್ಥ ದೇಶಗಳ ಆಯೋಗವಾಯಿತು. ಅಧ್ಯಕ್ಷರು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. ಕಾವಲಿಗೆ ಜನರಲ್ ಥೋರಾಟ್ ಅವರ ನೇತೃತ್ವದ ಭಾರತೀಯ ಪಡೆ. ಈ ಪಡೆ ತನ್ನ ನೆಲದ ಮೇಲೆ ಕಾಲಿಡಕೂಡದು ಎಂದಿತು ದಕ್ಷಿಣ ಕೊರಿಯಾ. ಹಾಗಾಗಿ ನಮ್ಮ ಸೈನಿಕರನ್ನು ಹಡಗಿನಿಂದ ಹೆಲಿಕಾಪ್ಟರ್‌ಗಳಲ್ಲೇ ಶಿಬಿರಕ್ಕೆ ಸಾಗಿಸಬೇಕಾಯಿತು!

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಒಮ್ಮೆ ತೀರಿಹೋದ ತಂದೆಯ ಠೇವಣಿಗಾಗಿ ಅಣ್ಣತಮ್ಮಂದಿರು ಕೌಂಟರಿನ ಮುಂದೆಯೇ ಜಗಳಕ್ಕೆ ನಿಂತರು. ಕಾಗದಪತ್ರ ಸರಿಯಾಗುವವರೆಗೆ ಯಾರಿಗೂ ಕೊಡಲಾಗದು ಎಂದೆ. "ನೀನು ಅವನ ಕಡೆಯವನು" ಎಂದು ಇಬ್ಬರೂ ನನ್ನನ್ನೇ ಬೈದರು. ಅಂದು ರಾತ್ರಿ ನಿದ್ದೆ ಬರಲಿಲ್ಲ. ತಿಮ್ಮಯ್ಯನವರಿಗೂ ಎರಡೂ ಕಡೆಯಿಂದ ಆಕ್ಷೇಪಣೆ ಬಂತು. ಅವರ ಕೈಯಲ್ಲಿದ್ದದ್ದು ಹಣವಲ್ಲ, ಮನುಷ್ಯರ ಬದುಕು. 1954ರ ಆರಂಭದಲ್ಲಿ ನಮ್ಮ ಪಡೆ ಮರಳಿದಾಗ, ಎರಡೂ ಕಡೆ ಬೇಡವೆಂದ 88 ಕೈದಿಗಳು ಜೊತೆಯಲ್ಲೇ ಭಾರತಕ್ಕೆ ಬಂದರು.

ಬೈಗುಳ ಗಾಳಿಗೆ ಹೋಗುತ್ತದೆ, ಬರೆದಿಟ್ಟ ಲೆಕ್ಕ ಉಳಿಯುತ್ತದೆ. ತಿಮ್ಮಯ್ಯನವರು ಆ ಅನುಭವವನ್ನು ಬರೆದಿಟ್ಟಿದ್ದರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ ಅವರು ತೀರಿಕೊಂಡರು. ಪುಸ್ತಕ ಅಚ್ಚಾದದ್ದು 1981ರಲ್ಲಿ. ಸೈನ್ಯಕ್ಕೆ ತನ್ನದೇ ಪತ್ರಿಕೆಯೂ ಇದೆ. 1909ರಲ್ಲಿ 'ಫೌಜಿ ಅಖ್ಬಾರ್' ಆಗಿ ಹುಟ್ಟಿದ ಅದು, ನಮ್ಮ ಪಡೆ ಕೊರಿಯಾದಿಂದ ಮರಳಿದ 1954ರಲ್ಲೇ 'ಸೈನಿಕ್ ಸಮಾಚಾರ್' ಆಯಿತು. ಅದು ಕನ್ನಡದಲ್ಲೂ ಬಂದಿದೆ. ಪಿಂಚಣಿಗೆ ಬರುತ್ತಿದ್ದ ಮಾಜಿ ಸೈನಿಕರೊಬ್ಬರ ಚೀಲದಲ್ಲಿ ನಾನು ಅದನ್ನು ಮೊದಲು ನೋಡಿದ್ದು.

"ಹಾಗಾದರೆ ಅವರು ಯಾರನ್ನೂ ಗೆಲ್ಲಲಿಲ್ಲವಾ ತಾತ?" ಎಂದ ಮೊಮ್ಮಗ.

ಇಲ್ಲ ಮಗು. ಸಾವಿರಾರು ಜನರನ್ನು ಕಾದರು.