ಬೋಲ್ಟಿನ ತುದಿಯ ಹನಿ

ತುಮಕೂರಿನ ಕ್ಯಾತ್ಸಂದ್ರದ ಎಷ್ಟೋ ಮನೆಗಳಲ್ಲಿ ಕಮೋಡಿನ ಹಿಂದೆ, ಗೋಡೆಯ ಬುಡದಲ್ಲಿ, ಒಂದು ಹಳೇ ಬಟ್ಟೆ ಮಡಚಿ ಇಟ್ಟಿರುತ್ತಾರೆ. ಹರಿದ ಪಂಚೆಯ ತುಂಡೋ, ಸವೆದ ಟವೆಲ್ಲೋ ಇರಬಹುದು. ಬೆಳಿಗ್ಗೆ ಹಿಂಡಿ ಹಾಸಿದ್ದು ಸಂಜೆಗೆ ಮತ್ತೆ ಒದ್ದೆ. ಬಟ್ಟೆ ಇರುವ ತನಕ ನೆಲ ಜಾರುವುದಿಲ್ಲ, ನೆಲ ಜಾರದಿದ್ದರೆ ಪ್ಲಂಬರ್ ನೆನಪಾಗುವುದಿಲ್ಲ. ಯುಗಾದಿ ಕಳೀಲಿ, ಮಳೆಗಾಲ ಕಳೀಲಿ ಎನ್ನುತ್ತ ವರ್ಷವೇ ಕಳೆದುಹೋಗುತ್ತದೆ.

ಸಿದ್ಧಗಂಗಾ ಮಠಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ಮನೆಯಲ್ಲಿ ಇನ್ನು ಮುಂದೂಡುವಂತಿರಲಿಲ್ಲ. ಶಿವರಾತ್ರಿ ಹೊಸ್ತಿಲಲ್ಲಿತ್ತು. ಸಿದ್ಧಗಂಗೆಯ ಜಾತ್ರೆ, ದನಗಳ ಪರಿಷೆ, ವಸ್ತುಪ್ರದರ್ಶನ ಎಂದರೆ ಗುಬ್ಬಿ, ಕುಣಿಗಲ್ ಕಡೆಯ ನೆಂಟರು ಬಂದೇ ಬರುತ್ತಾರೆ. ಬಂದವರು ಊಟ ಮಠದ ದಾಸೋಹದಲ್ಲಿ ಮಾಡಿಯಾರು, ಮಲಗಲು, ಸ್ನಾನಕ್ಕೆ ಈ ಮನೆಯೇ ಆಗಬೇಕು. ಇರುವುದು ಒಂದೇ ಬಚ್ಚಲು, ಒಂದೇ ಕಮೋಡು.

ಪ್ಲಂಬರ್ ಬಂದವನು ರೆಕ್ಸಿನ್ ಚೀಲವನ್ನು ಬಾಗಿಲ ಹೊರಗೇ ಇಟ್ಟ. ಸ್ಪ್ಯಾನರ್ ಮುಟ್ಟಲಿಲ್ಲ. "ಅಕ್ಕಾ, ಒಂದು ಒಣಗಿದ ಬಟ್ಟೆ, ಒಂದು ನ್ಯೂಸ್ ಪೇಪರು, ಬಟ್ಟೆಗೆ ಹಾಕೋ ನೀಲಿ ಇದ್ರೆ ಕೊಡಿ" ಎಂದ. ಮನೆಯ ಸೊಸೆ ಮೂರನ್ನೂ ತಂದುಕೊಟ್ಟಳು. ಅವನು ಟ್ಯಾಂಕಿನ ತಳ, ಕಮೋಡಿನ ಬೆನ್ನು, ಆಂಗಲ್ ಕಾಕ್, ಕನೆಕ್ಷನ್ ಪೈಪು ಎಲ್ಲವನ್ನೂ ಒಂದೊಂದಾಗಿ ಒರೆಸಿದ. ನೆಲದ ಮೇಲೆ ಪೇಪರ್ ಹಾಸಿದ. ಮುಚ್ಚಳ ತೆಗೆದು ಟ್ಯಾಂಕಿನ ನೀರಿಗೆ ನಾಲ್ಕು ಹನಿ ನೀಲಿ ಬಿಟ್ಟು, "ಯಾರೂ ಫ್ಲಶ್ ಮಾಡ್ಬೇಡಿ, ಸ್ವಲ್ಪ ಹೊತ್ತು ಹಂಗೇ ಇರ್ಲಿ" ಎಂದು ಕುಕ್ಕರಗಾಲಲ್ಲಿ ಕೂತು ಕಾದ.

ಆ ಕಾಯುವಿಕೆಯೇ ಕೆಲಸದ ಮುಖ್ಯ ಭಾಗ ಎಂದು ನಾನು ನಂಬುತ್ತೇನೆ. ಟ್ಯಾಂಕಿಗೂ ಕಮೋಡಿಗೂ ನಡುವೆ ಸೋರುವ ನೀರು ಹುಟ್ಟುವ ಜಾಗ ಒಂದಲ್ಲ. ಎರಡನ್ನೂ ಬಿಗಿದು ಹಿಡಿಯುವ ಬೋಲ್ಟುಗಳು ಟ್ಯಾಂಕಿನ ತಳವನ್ನು ತೂರಿ ಕೆಳಗಿಳಿಯುತ್ತವೆ, ಅವುಗಳ ತಲೆ ಸದಾ ನೀರಿನಲ್ಲಿ ಮುಳುಗಿರುತ್ತದೆ. ತಲೆಯ ಕೆಳಗಿನ ರಬ್ಬರ್ ವಾಷರ್ ಸೋತರೆ ಹಗಲೂ ರಾತ್ರಿ ಹನಿ ತಪ್ಪಿದ್ದಲ್ಲ. ಫ್ಲಶ್ ವಾಲ್ವನ್ನು ಟ್ಯಾಂಕಿಗೆ ಕೂರಿಸುವ ದೊಡ್ಡ ನಟ್ಟಿನ ವಾಷರ್ ಕೆಟ್ಟರೂ ಹಾಗೆಯೇ. ಟ್ಯಾಂಕಿಗೂ ಕಮೋಡಿಗೂ ನಡುವೆ ಕೂರುವ ದಪ್ಪ ವಾಷರಿನ ವಿಷಯ ಬೇರೆ. ಅಲ್ಲಿಗೆ ನೀರು ಮುಟ್ಟುವುದೇ ಫ್ಲಶ್ ಒತ್ತಿದಾಗ. ಹಾಗಾಗಿ ಒತ್ತಿದಾಗ ಮಾತ್ರ ನೆಲ ನೆಂದರೆ ದಪ್ಪ ವಾಷರನ್ನು ನೋಡಬೇಕು, ಸುಮ್ಮನಿದ್ದಾಗಲೂ ಹನಿದರೆ ಬೋಲ್ಟನ್ನೋ ವಾಲ್ವಿನ ವಾಷರನ್ನೋ ನೋಡಬೇಕು. ಎಷ್ಟೋ ಸಲ ಕನೆಕ್ಷನ್ ಪೈಪಿನ ತಿರುಪಿನಲ್ಲಿ ಜಿನುಗಿದ ನೀರು ಟ್ಯಾಂಕಿನ ಹೊಟ್ಟೆಯಡಿ ಹರಿದು ಬೋಲ್ಟಿನ ತುದಿಯಲ್ಲಿ ತೊಟ್ಟಿಕ್ಕುತ್ತದೆ. ನೀಲಿ ಬೆರೆಸುವುದು ಅದಕ್ಕೇ. ಪೈಪಿನ ನೀರಾದರೆ ಅದಕ್ಕೆ ಬಣ್ಣವಿರುವುದಿಲ್ಲ.

ಬಲಗಡೆಯ ಬೋಲ್ಟಿನ ತುದಿಯಲ್ಲಿ ತಿಳಿನೀಲಿ ಹನಿಯೊಂದು ಕೂಡಿಕೊಂಡಿತು, ತೂಗಿತು, ಪೇಪರಿನ ಮೇಲೆ ಬಿತ್ತು. ಆಮೇಲೆ ಅವನು ಫ್ಲಶ್ ಒತ್ತಿದ. ನಡುವಿನ ಸಂದಿಯಿಂದ ಗೋಡೆಯ ಕಡೆಗೆ ಒಂದು ಎಳೆ ನೀರು ಹರಿಯಿತು. ಬೋಲ್ಟೂ ಸೋತಿತ್ತು, ದಪ್ಪ ವಾಷರೂ ಸೋತಿತ್ತು.

"ಗಲೀಜು ನೀರಲ್ವೇನಣ್ಣ ಇದು?" ಸೊಸೆ ಸೆರಗು ಸರಿಪಡಿಸಿಕೊಂಡು ದೂರ ನಿಂತಿದ್ದಳು.

"ಇಲ್ಲ ಅಕ್ಕಾ. ಇನ್ನೂ ಕಮೋಡಿಗೆ ಇಳ್ದೇ ಇಲ್ವಲ್ಲ. ನಿಮ್ಮ ಅಡಿಗೆಮನೆ ನಲ್ಲೀಲಿ ಬರೋ ನೀರೇ ಇದು."

ಆ ಮಾತನ್ನು ಅವನು ಸಮಾಧಾನಕ್ಕೆ ಹೇಳಿದ. ನನಗದು ಬೇರೆ ರೀತಿ ಕೇಳಿಸಿತು. ಕ್ಯಾತ್ಸಂದ್ರದ ಸಂಪುಗಳಿಗೆ ಬೀಳುವುದು ಎರಡು ನೀರು. ಒಂದು ಬೋರಿನದು, ಇನ್ನೊಂದನ್ನು ಊರವರು ಹೇಮಾವತಿ ಎಂದೇ ಕರೆಯುತ್ತಾರೆ. ಆ ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬೆಟ್ಟಗಳಲ್ಲಿ. ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ನಾಲೆ ಹಿಡಿದು, ಬಾಗೂರು–ನವಿಲೆ ಸುರಂಗದ ಕತ್ತಲೆ ಹಾದು, ಬುಗುಡನಹಳ್ಳಿ ಕೆರೆ ಸೇರಿ, ಶುದ್ಧಿಯಾಗಿ, ತುಮಕೂರಿನ ಕೊಳವೆಗಳಿಗೆ ಏರುತ್ತದೆ. ನಮ್ಮ ಸೀಮೆಯಲ್ಲಿ ನದಿ ಹುಟ್ಟುವುದಿಲ್ಲವೆಂದಲ್ಲ. ಇಲ್ಲಿಂದ ಕಣ್ಣಳತೆಯ ದೇವರಾಯನದುರ್ಗದ ಬೆಟ್ಟಸಾಲಿನಲ್ಲೇ ಶಿಂಷೆಯೂ ಜಯಮಂಗಲಿಯೂ ಹುಟ್ಟುತ್ತವೆ. ಒಂದು ತೆಂಕಣಕ್ಕೆ ಹರಿದು ಕಾವೇರಿಗೆ, ಇನ್ನೊಂದು ಬಡಗಣಕ್ಕೆ ಹರಿದು ಉತ್ತರ ಪಿನಾಕಿನಿಗೆ. ಎರಡೂ ಮಳೆಯ ಋಣದಲ್ಲಿ ಬದುಕುವ ನದಿಗಳು, ಬೇಸಿಗೆಯಲ್ಲಿ ಮರಳು ತೋರಿಸುತ್ತವೆ. ಬಂಡೆಯೊಳಗಿಂದ ಗಂಗೆ ಚಿಮ್ಮಿದಳೆಂದು ಸಿದ್ಧಗಂಗೆಯಲ್ಲೂ, ರಾಮನ ಬಾಣಕ್ಕೆ ನೀರುಕ್ಕಿತೆಂದು ನಾಮದ ಚಿಲುಮೆಯಲ್ಲೂ ಜನ ಇವತ್ತಿಗೂ ಕೈಮುಗಿಯುವುದು ಈ ಬಾಯಾರಿಕೆಯ ನೆಲದಲ್ಲೇ.

ಅಂಥ ನೀರು ಬೋಲ್ಟಿನ ತುದಿಯಿಂದ ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ ನಾಲ್ಕು ಲೀಟರಿಗೆ ಮೇಲಾಯಿತು, ವರ್ಷಕ್ಕೆ ಒಂದೂವರೆ ಸಾವಿರ ಲೀಟರ್. ಅಷ್ಟನ್ನೂ ಆ ಒಂದು ಪಂಚೆಯ ತುಂಡು ಹೀರಿ, ಹಿಂಡಿಸಿಕೊಂಡು, ಮತ್ತೆ ಹೀರಿತ್ತು.

ಅಷ್ಟರಲ್ಲಿ ಪ್ಲಂಬರ್ ಟ್ಯಾಂಕಿನ ಮೇಲೆ ಅಂಗೈ ಊರಿ ಮೆಲ್ಲಗೆ ನೂಕಿದ್ದ. ಟ್ಯಾಂಕು ಅಲ್ಲಾಡಿತು. ಅವನು ಎದ್ದು ಬಾಗಿಲ ಹೊರಗೆ ಬಂದು, ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಮನೆಯ ಹಿರಿಯರನ್ನು ಕೇಳಿದ:

"ಯಜಮಾನ್ರೆ, ಕಮೋಡಿಂದ ಏಳುವಾಗ ಏನು ಹಿಡ್ಕೊಂಡು ಏಳ್ತೀರಾ?"

"ಇನ್ನೇನು ಹಿಡೀಲಪ್ಪಾ? ಹಿಂದ್ಗಡೆ ಟ್ಯಾಂಕೇ ಗತಿ. ಮಂಡಿ ಬಗ್ಗಿದ್ರೆ ಏಳಕ್ಕಾಗಲ್ಲ."

ಅವನಿಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ಈ ಮನೆಗೆ ಕಮೋಡ್ ಬಂದದ್ದೇ ಆ ಮಂಡಿಗಾಗಿ. ಮೊದಲಿದ್ದ ಇಂಡಿಯನ್ ಬೇಸಿನ್ನನ್ನು ಒಡೆದು ಹಾಕಿಸಿದ್ದು. ಕೂರಲು ಅನುಕೂಲವಾಯಿತು, ಏಳಲು ಏನೂ ಇಡಲಿಲ್ಲ. ಹಿಂದಕ್ಕೆ ಕೈಚಾಚಿ ಟ್ಯಾಂಕಿನ ಅಂಚು ಹಿಡಿದು ಮೈಭಾರ ಎತ್ತುವಾಗ, ಅಷ್ಟು ಎಳೆತವೂ ಬೀಳುವುದು ಕೆಳಗಿನ ಎರಡು ಬೋಲ್ಟಿನ ಮೇಲೆ, ಅದರಲ್ಲೂ ಹಿಡಿದ ಕೈಯ ಕಡೆಯದರ ಮೇಲೆ. ಬಲಗಡೆಯ ಬೋಲ್ಟು ಯಾಕೆ ಮೊದಲು ಸೋತಿತೆಂದು ಆಗ ತಿಳಿಯಿತು. ಸೋರುವ ಜಾಗ ಕಂಡರೆ ವಾಷರ್ ಬದಲಿಸುವವರು ತುಂಬ ಜನ. ಅದು ಯಾಕೆ ಸಡಿಲವಾಯಿತೆಂದು ಮನೆಯ ಮನುಷ್ಯರನ್ನು ಕೇಳುವವನು ಒಳ್ಳೆಯ ಕೆಲಸಗಾರ. ವೈದ್ಯರಿಗೆ ಕೊಡುವ ಗೌರವದಲ್ಲಿ ಒಂದು ಪಾಲು ಇಂಥವರಿಗೂ ಸಲ್ಲಬೇಕು. ಕಕ್ಕಸಿನ ಕೆಲಸಕ್ಕೆ ಬಂದವರನ್ನು ಹಿತ್ತಿಲ ಬಾಗಿಲಿಂದ ಬರಹೇಳುವ ಮನೆಗಳು ಇನ್ನೂ ಇವೆ ಎಂಬುದು ನನಗೆ ನೋವಿನ ವಿಷಯ. ಈ ಮನೆಯಲ್ಲಿ ಹಾಗಿರಲಿಲ್ಲ. ಅವನಿಗೆ ಕಾಫಿ ಬಂದದ್ದು ಎಲ್ಲರಿಗೂ ಬಂದ ಲೋಟದಲ್ಲೇ.

ಬಿಚ್ಚುವ ಕೆಲಸ ಸುಲಭವಿರಲಿಲ್ಲ. ಆಂಗಲ್ ಕಾಕ್ ತಿರುಗಿಸಿದರೂ ನೀರು ಪೂರ್ತಿ ನಿಲ್ಲದೆ, ಮಹಡಿ ಹತ್ತಿ ಸಿಂಟೆಕ್ಸಿನ ಗೇಟ್ ವಾಲ್ವನ್ನೇ ಮುಚ್ಚಿ ಬರಬೇಕಾಯಿತು. ಟ್ಯಾಂಕಿನ ತಳದಲ್ಲಿ ಉಳಿದ ನೀರನ್ನು ಬಟ್ಟೆಯಿಂದ ಹೀರಿ ತೆಗೆದ. ಹಿಂದೆ ಯಾರೋ ಸಂದಿಯ ಸುತ್ತ ಎಂ-ಸೀಲ್ ಮೆತ್ತಿ, ಅದರ ಮೇಲೆ ವೈಟ್ ಸಿಮೆಂಟ್ ಬಳಿದಿದ್ದರು. ಅದನ್ನು ಸಣ್ಣ ಉಳಿಯಿಂದ ಚಕ್ಕೆ ಚಕ್ಕೆಯಾಗಿ ಬಿಡಿಸುವುದರಲ್ಲೇ ಬಹಳ ಹೊತ್ತು ಹಿಡಿಯಿತು. ಮೆತ್ತುವ ಈ ಅಭ್ಯಾಸ ನಮ್ಮ ಕಡೆ ಬಹಳ. ನೀರು ಒತ್ತುವುದು ಒಳಗಿಂದ. ಹೊರಗೆ ಬಳಿದದ್ದು ಕೆಲ ದಿನ ತಡೆದೀತು, ಟ್ಯಾಂಕು ಒಮ್ಮೆ ಅಲುಗಿದರೆ ಬಿರುಕು ಬಿಡುತ್ತದೆ. ಅಷ್ಟು ದಿನ ಸೋರಿಕೆ ಕಣ್ಣಿಗೆ ಬೀಳದೆ ಬೋಲ್ಟನ್ನು ತಿನ್ನುತ್ತಿರುತ್ತದೆ.

ತಿಂದಿತ್ತು. ಕಬ್ಬಿಣದ ಬೋಲ್ಟು ತುಕ್ಕು ಹಿಡಿದು ನಟ್ಟಿನೊಂದಿಗೆ ಒಂದಾಗಿತ್ತು. ತೊಳೆಯುವಾಗ ಸುರಿದ ಆಸಿಡ್ ಕೂಡ ತನ್ನ ಕೆಲಸ ಮಾಡಿತ್ತು. ಎಣ್ಣೆ ಬಿಟ್ಟರೂ ಜಗ್ಗಲಿಲ್ಲ. ಕೊನೆಗೆ ಹ್ಯಾಕ್ಸಾ ಬ್ಲೇಡನ್ನು ಬರಿಗೈಯಲ್ಲಿ ಹಿಡಿದು, ಟ್ಯಾಂಕಿಗೂ ಕಮೋಡಿಗೂ ನಡುವಿನ ಕಿರಿದಾದ ಸಂದಿಯಲ್ಲಿ ತೂರಿಸಿ, ಹೊಳಪಿಗೆ ಗೀರು ಬೀಳದಂತೆ ಸಣ್ಣ ಸಣ್ಣ ಎಳೆತದಲ್ಲಿ ಕೊಯ್ದ. ಮನೆಯ ಮಗ ಒಂದು ಕಡೆ, ಅವನೊಂದು ಕಡೆ ಹಿಡಿದು ಟ್ಯಾಂಕನ್ನು ನೇರ ಮೇಲಕ್ಕೆತ್ತಿ ಗೋಣಿಚೀಲದ ಮೇಲೆ ಮಲಗಿಸಿದರು.

ಹಳೇ ವಾಷರ್ ಕೈಗೆ ಬಂತು. ಹೊಸದರಲ್ಲಿ ಮೆತ್ತಗೆ ಅಮುಕಬೇಕಾದದ್ದು ಕೋಡುಬಳೆಯಂತೆ ಗಟ್ಟಿಯಾಗಿ, ಬಗ್ಗಿಸಿದ ಕಡೆ ಲಟಕ್ಕೆಂದು ಮುರಿಯಿತು. "ಟ್ಯಾಂಕಿಗೆ ಬ್ಲೀಚಿಂಗ್ ಹಾಕ್ತೀರಾ ಅಕ್ಕಾ?" ಎಂದು ಕೇಳಿದ. ವಾಸನೆಗೆಂದು ಹಾಕುತ್ತಿದ್ದರಂತೆ. ಕ್ಲೋರಿನ್ ನೀರಿನಲ್ಲಿ ದಿನವಿಡೀ ನೆನೆದ ರಬ್ಬರ್ ಬೇಗ ಸಾಯುತ್ತದೆ. ಹಾಕುವುದಿದ್ದರೆ ಕಮೋಡಿಗೇ ಹಾಕಿ ಉಜ್ಜಿ, ಟ್ಯಾಂಕಿಗೆ ಬೇಡ ಎಂದ.

ಮುರಿದ ವಾಷರನ್ನೂ ಕೊಯ್ದ ಬೋಲ್ಟನ್ನೂ ಪೇಪರಿನಲ್ಲಿ ಸುತ್ತಿಕೊಂಡು ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋದ. ಕಂಪನಿಯಿಂದ ಕಂಪನಿಗೆ ವಾಷರಿನ ಅಳತೆ ಬೇರೆ, ಸ್ಯಾಂಪಲ್ ಇಲ್ಲದೆ ಹೋದರೆ ಎರಡನೇ ಸಲ ಹೋಗುವುದು ಖಾತ್ರಿ. ತಂದದ್ದು ದಪ್ಪ ವಾಷರ್ ಒಂದು, ವಾಲ್ವಿನ ವಾಷರ್ ಒಂದು, ಹಿತ್ತಾಳೆಯ ಬೋಲ್ಟ್ ಸೆಟ್ಟು. ಅವನು ಬರುವಷ್ಟರಲ್ಲಿ ಸೊಸೆ ಟ್ಯಾಂಕಿನ ತಳದ ಬಿಳಿ ಹಕ್ಕಳೆಯನ್ನು ನಿಂಬೆ ಹೋಳಿನಿಂದ ಉಜ್ಜಿ ಬಿಡಿಸಿದ್ದಳು. ಬೋರ್ ನೀರಿನ ಸುಣ್ಣ ಅದು, ಹುಳಿಗೆ ಕರಗುತ್ತದೆ. ಅದರ ಮೇಲೆ ಎಂಥ ಹೊಸ ವಾಷರ್ ಕೂರಿಸಿದರೂ ಹಿಡಿಯದು. "ಇಷ್ಟು ಕ್ಲೀನಾಗಿ ನಮ್ಮ ಹುಡುಗ್ರೂ ಮಾಡಲ್ಲ ಬಿಡಿ" ಎಂದು ಅವನು ಮನಸಾರೆ ಹೊಗಳಿದ.

ಜೋಡಿಸುವಾಗ ಅವನ ಕೈಯನ್ನು ನೋಡಬೇಕಿತ್ತು. ಬೋಲ್ಟಿನ ತಲೆಯಡಿ ಟ್ಯಾಂಕಿನೊಳಗೆ ರಬ್ಬರ್, ಹೊರಗೆ ರಬ್ಬರ್ ಇಟ್ಟು ಅದರಾಚೆ ಲೋಹದ ಬಿಲ್ಲೆ. ಲೋಹ ಪಿಂಗಾಣಿಯನ್ನು ನೇರವಾಗಿ ಮುಟ್ಟಬಾರದು. ದಪ್ಪ ವಾಷರಿನ ಸಣ್ಣ ಮೂತಿ ಕಮೋಡಿನ ತೂತಿನ ಕಡೆಗೆ. ಟ್ಯಾಂಕನ್ನು ಕೂರಿಸಿದ ಮೇಲೆ ಎಡಗಡೆ ಅರ್ಧ ಸುತ್ತು, ಬಲಗಡೆ ಅರ್ಧ ಸುತ್ತು, ಮತ್ತೆ ಎಡಕ್ಕೆ. ನಡುನಡುವೆ ಅಂಗೈ ಊರಿ ಮಟ್ಟ ನೋಡುತ್ತಿದ್ದ. ಪಿಂಗಾಣಿ 1,200 ಡಿಗ್ರಿ ಆಸುಪಾಸಿನ ಬೆಂಕಿಯಲ್ಲಿ ಬೆಂದು ಬಂದದ್ದು. ಮೇಲಿನ ಭಾರವನ್ನು ತಾಳುತ್ತದೆ, ಒಂದೇ ಕಡೆಯ ಎಳೆತವನ್ನು ತಾಳುವುದಿಲ್ಲ. ಮನೆಯ ಮಗ "ಇನ್ನೊಂದು ಸುತ್ತು ಬಿಗೀರಣ್ಣ, ಗಟ್ಟಿ ಇರ್ಲಿ" ಎಂದಾಗ ಅವನು ಸ್ಪ್ಯಾನರ್ ಕೆಳಗಿಟ್ಟುಬಿಟ್ಟ.

"ಬೇಡ ತಮ್ಮಾ. ನೀರು ನಿಲ್ಸೋದು ರಬ್ಬರು, ಬೋಲ್ಟಲ್ಲ. ಅದು ಅಮುಕ್ಕೊಂಡ್ರೆ ಸಾಕು. ಮೇಲೆ ಬಿಗಿದ್ರೆ ಟ್ಯಾಂಕು ಟಣ್ ಅಂತದೆ, ಆಮೇಲೆ ಹೊಸ ಸೆಟ್ಟೇ ತರ್ಬೇಕು."

ನೀರು ಬಿಟ್ಟು, ಟ್ಯಾಂಕು ತುಂಬಿಸಿ, ಮತ್ತೆ ನೀಲಿ ಹಾಕಿ, ಒಣಪೇಪರ್ ಹಾಸಿದ. ಫ್ಲಶ್ ಒತ್ತಿದ, ತುಂಬಿಸಿದ, ಮತ್ತೆ ಒತ್ತಿದ. ಪೇಪರ್ ಒಣಗಿಯೇ ಇತ್ತು. ಆದರೂ ಅವನು ಚೀಲ ಕಟ್ಟಲಿಲ್ಲ. ಹಿರಿಯರನ್ನು ಕರೆದು, ಕಮೋಡಿನ ಮುಚ್ಚಳದ ಮೇಲೆ ಕೂರಿಸಿ, "ಬಲಗೈ ಗೋಡೆ ಕಡೆ ಚಾಚಿ ಯಜಮಾನ್ರೆ, ನಿಮಗೆ ಎಲ್ಲಿ ಸಲೀಸು ಅಲ್ಲಿ" ಎಂದ. ಅವರ ಅಂಗೈ ಟೈಲ್ಸ್ ಮುಟ್ಟಿದ ಕಡೆ ಪೆನ್ಸಿಲಿನಿಂದ ಗುರುತು ಹಾಕಿದ.

"ಇಲ್ಲಿ ಒಂದು ಸ್ಟೀಲ್ ಹಿಡಿ ಹಾಕ್ತೀನಿ ಅಕ್ಕಾ. ಡ್ರಿಲ್ಲು ಇನ್ನೊಂದು ಸೈಟಲ್ಲೈತೆ, ಸೋಮವಾರ ತತ್ತೀನಿ. ಹೊಸ ರಬ್ಬರು ಎರಡು ದಿನಕ್ಕೆ ಸ್ವಲ್ಪ ಕೂತ್ಕೋತದೆ, ಆವತ್ತೇ ನಟ್ಟೂ ಒಂದ್ಸಲ ನೋಡ್ತೀನಿ. ಅಲ್ಲೀವರೆಗೂ ಆ ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರ್ತದೆ. ಒಳಗಿರೋ ಮರದ ಕುರ್ಚೀನ ಇವರ ಬಲಗಡೆಗೆ, ಗೋಡೆಗೆ ಒತ್ತಿಸಿ ಇಡಿ. ಅದನ್ನ ಹಿಡ್ಕೊಂಡು ಏಳ್ಲಿ."