ಚಂದಾದಾರರೇ ಮೊದಲ ಪ್ರೇಕ್ಷಕರು



ನಾಟಕ ಮೊದಲು ರಂಗವೇರುತ್ತದೆ, ಆಮೇಲೆ ಪುಸ್ತಕವಾಗುತ್ತದೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಕನ್ನಡದ ಕೆಲವು ದೊಡ್ಡ ನಾಟಕಗಳು ಮೊದಲು ಅಂಚೆಯಣ್ಣನ ಚೀಲದಲ್ಲಿ ಪ್ರಯಾಣ ಮಾಡಿದವು. ಅದು ಹೇಗೆ, ನೋಡೋಣ.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. 'ಜಡಭರತ' ಎಂಬ ಹೆಸರಿನಲ್ಲಿ ಅವರೂ ನಾಟಕಕಾರರೇ. ಅವರ ವ್ಯವಸ್ಥೆ ಸರಳವಾಗಿತ್ತು. ಓದುಗರು ಚಂದಾದಾರರಾಗಬೇಕು, ಹೊಸ ಪುಸ್ತಕಗಳು ಅವರಿಗೆ ತಲುಪಬೇಕು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಬುಕ್ ಕ್ಲಬ್.

ಇದರಿಂದ ಲಾಭವೇನು? ಕಾದಂಬರಿಗೆ ಗಿರಾಕಿ ಸಿಗುತ್ತಾರೆ, ಹೊಸಬರ ನಾಟಕಕ್ಕೆ ಸಿಗುವುದು ಕಷ್ಟ. ಇಷ್ಟು ಪ್ರತಿಗಳು ಖಂಡಿತ ಹೋಗುತ್ತವೆ ಎಂದು ಮೊದಲೇ ಗೊತ್ತಿದ್ದರೆ ಪ್ರಕಾಶಕರಿಗೆ ಧೈರ್ಯ ಬರುತ್ತದೆ. ಯಾರೂ ಹೆಸರು ಕೇಳದ ಲೇಖಕನನ್ನೂ ಅಚ್ಚು ಹಾಕಬಹುದು.

ಅಂಥ ಒಬ್ಬ ಲೇಖಕ ಹುಟ್ಟಿದ್ದು ನಮ್ಮ ಕಲ್ಯಾಣದಾಚೆಯ ಮಾಥೇರಾನದಲ್ಲಿ, 1938ರಲ್ಲಿ. ಅವರೇ ಗಿರೀಶ ಕಾರ್ನಾಡ. ಮುಂಬಯಿಯಲ್ಲಿ ಓದುತ್ತಿದ್ದಾಗ ಅಲ್ಕಾಜಿಯವರ 'ಮಿಸ್ ಜೂಲಿ' ನೋಡಿ ಬೆರಗಾದವರು. ಇಂಗ್ಲಿಷ್ ಕವಿಯಾಗಬೇಕೆಂಬ ಆಸೆಯಿತ್ತು. ಆದರೆ 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಮುನ್ನ ಅವರು ಬರೆದದ್ದು ಕನ್ನಡ ನಾಟಕ, 'ಯಯಾತಿ'. 1961ರಲ್ಲಿ ಗ್ರಂಥಮಾಲೆ ಅದನ್ನು ಪ್ರಕಟಿಸಿದಾಗ ಲೇಖಕರು ಕಡಲಾಚೆ ಇದ್ದರು. ಅಂದು ಅವರಿಗೂ ಧಾರವಾಡಕ್ಕೂ ನಡುವೆ ಇದ್ದ ನಂಟು ಕಾಗದದ್ದೇ. 1964ರಲ್ಲಿ 'ತುಘಲಕ್' ಕೂಡ ಅಲ್ಲಿಂದಲೇ ಬಂತು.

ಪುಸ್ತಕ ಕೈಗೆ ಸಿಕ್ಕಿದ ಮೇಲೆ ನಾಟಕಕ್ಕೆ ಕಾಲು ಬಂತು. 'ಯಯಾತಿ'ಯನ್ನು ಸತ್ಯದೇವ ದುಬೆ ಹಿಂದಿಯಲ್ಲಿ ಆಡಿಸಿದರು. 1970ರಲ್ಲಿ ಮುಂಬಯಿಯ ಥಿಯೇಟರ್ ಗ್ರೂಪ್‌ಗಾಗಿ ಅಲೆಕ್ ಪದಮ್‌ಸೀ 'ತುಘಲಕ್' ಅನ್ನು ಇಂಗ್ಲಿಷಿನಲ್ಲಿ ರಂಗಕ್ಕೆ ತಂದರು. ಧಾರವಾಡದಲ್ಲಿ ಅಚ್ಚಾದದ್ದು ನಮ್ಮ ಊರಿಗೇ ತಿರುಗಿ ಬಂತು!

ಈಗ ನಮ್ಮ ಮಾತು. ಠಾಣೆಯಲ್ಲಿ ಗಡ್ಕರಿ ರಂಗಾಯತನ, ಡೊಂಬಿವಲಿಯಲ್ಲಿ ಸಾವಿತ್ರಿಬಾಯಿ ಫುಲೆ, ಕಲ್ಯಾಣದಲ್ಲಿ ಆಚಾರ್ಯ ಅತ್ರೆ, ವಾಶಿಯಲ್ಲಿ ವಿಷ್ಣುದಾಸ ಭಾವೆ. ನಾಟಕಮಂದಿರಗಳಿಗೆ ಇಲ್ಲಿ ಬರವಿಲ್ಲ. ಕಲಾವಿದರೂ ಇದ್ದಾರೆ, ಆಫೀಸು ಮುಗಿಸಿ ಲೋಕಲ್ ಹಿಡಿದು ತಾಲೀಮಿಗೆ ಬರುತ್ತಾರೆ. ಆದರೆ ಬಾಡಿಗೆ ಕಟ್ಟುವ ದಿನ ಎಷ್ಟು ಜನ ಬರುತ್ತಾರೆಂಬ ಭರವಸೆ ಇರುವುದಿಲ್ಲ. ಮಕ್ಕಳಿಗೆ ಕನ್ನಡ ಮಾತು ಬಂದರೂ ಓದಲು ಬಾರದಿದ್ದರೆ, ಮುಂದಿನ ಪ್ರೇಕ್ಷಕರು ಯಾರು?

ಜೋಶಿಯವರ ಲೆಕ್ಕ ಇಲ್ಲಿಯೂ ನಡೆಯುತ್ತದೆ. ಇಪ್ಪತ್ತು ಮನೆಗಳು ಸೇರಲಿ, ತಿಂಗಳಿಗಿಷ್ಟು ಎಂದು ಹಾಕಲಿ. ಆ ಹಣದಲ್ಲಿ ಒಂದು ನಾಟಕದ ನಾಲ್ಕೈದು ಪ್ರತಿ ತರಿಸಿ. ಭಾನುವಾರ ಯಾರದಾದರೂ ಮನೆಯಲ್ಲಿ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಅಕ್ಷರ ಬಾರದ ಮಕ್ಕಳಿಗೆ ಅಜ್ಜ ಅಜ್ಜಿ ಸಾಲು ಹೇಳಿಕೊಡಲಿ. ಅದೇ ನಾಟಕ ರಂಗಕ್ಕೆ ಬಂದಾಗ ಆ ಇಪ್ಪತ್ತು ಮನೆಗಳ ಟಿಕೆಟ್ಟು ಮೊದಲೇ ಖಚಿತ. ಅಂಥ ನಾಲ್ಕು ಬಳಗಗಳಾದರೆ ಮುಂದಿನ ಸಾಲುಗಳು ತುಂಬುತ್ತವೆ.

ನಿಮ್ಮ ಸೊಸೈಟಿಯಲ್ಲಿ ಇಂಥ ಬಳಗ ಇದ್ದರೆ, ಯಾವ ನಾಟಕ ಓದಿದಿರಿ, ಮಕ್ಕಳು ಏನೆಂದರು ಎಂದು ನಮಗೊಂದು ಕಾಗದ ಬರೆಯಿರಿ.