ಕಣ್ಣಿಗೆ ಔಷಧಿ ಮುಗಿದ ಮೇಲೆ

ಕಣ್ಣಿನ ಚಿಕಿತ್ಸೆ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಪೊರೆಯ ಆಪರೇಷನ್. ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ನಡೆಸಿದ ನೇತ್ರ ಶಿಬಿರಗಳ ನೆನಪು ಇನ್ನೂ ಮಾಸಿಲ್ಲ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಪೊರೆಗೇ ಹೆಚ್ಚು ಒತ್ತು ಕೊಟ್ಟಿತು. ಅದು ಸರಿಯಾದದ್ದೇ. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 50 ದಾಟಿದವರ ಕುರುಡುತನಕ್ಕೆ ಶೇ 66.2ರಷ್ಟು ಪೊರೆಯೇ ಕಾರಣ. ಆದರೆ ಆಪರೇಷನ್ ಆದರೆ ಕಾಣುತ್ತದೆ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು ಎಂಬ ನಂಬಿಕೆಯೂ ಇದರ ಜೊತೆಗೇ ಬೇರೂರಿದೆ. ಗ್ಲಾಕೋಮಾದಿಂದ ಸತ್ತ ನರ ಮತ್ತೆ ಚಿಗುರುವುದಿಲ್ಲ. ವಯಸ್ಸಿನ ಮ್ಯಾಕುಲಾ ಸವೆತವಾಗಲಿ, ಸಕ್ಕರೆ ಕಾಯಿಲೆಯಿಂದ ಹಾಳಾದ ರೆಟಿನಾ ಆಗಲಿ, ಒಂದು ಹಂತ ದಾಟಿದರೆ ಹಿಂದಿನಂತಾಗುವುದಿಲ್ಲ. ಇಂಥ ಹಿರಿಯರಿಗೆ ‘ಇನ್ನೇನೂ ಮಾಡುವುದಕ್ಕಾಗಲ್ಲ, ಇರುವಷ್ಟನ್ನು ಕಾಪಾಡಿಕೊಳ್ಳಿ’ ಎಂದು ಹೇಳಿ ಕಳಿಸಿದರೆ, ಮನೆಯವರು ಅದನ್ನು ಅಡುಗೆ, ಓದು, ಓಡಾಟ ಎಲ್ಲಕ್ಕೂ ಅನ್ವಯಿಸಿಬಿಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಕಣ್ಣಿಗೆ ಮಾಡುವುದು ಮುಗಿದಿರಬಹುದು. ಆ ಕಣ್ಣಿನಿಂದ ನಡೆಯಬೇಕಾದ ಕೆಲಸಗಳಿಗೆ ಮಾಡಬೇಕಾದದ್ದು ಬಹಳಷ್ಟು ಬಾಕಿ ಇದೆ. ಆ ಕೆಲಸಕ್ಕೆಂದೇ ತರಬೇತಿ ಪಡೆದವರು ಆಕ್ಯುಪೇಷನಲ್ ಥೆರಪಿಸ್ಟರು.

ಅವರು ಮೊದಲು ಕೇಳುವುದು ಯಾವ ಕೆಲಸ ನಿಂತುಹೋಗಿದೆ ಎಂದು. ಕಾಫಿ ಬಗ್ಗಿಸುವುದೋ, ಇನ್ಸುಲಿನ್ ಚುಚ್ಚಿಕೊಳ್ಳುವುದೋ, ಪೇಪರ್ ಓದುವುದೋ? ಉತ್ತರ ಸಿಕ್ಕ ಮೇಲೆ ಆ ಕೆಲಸವನ್ನು ಬಿಡಿಸಿ ನೋಡುತ್ತಾರೆ. ಉದಾಹರಣೆಗೆ ಊಟವನ್ನೇ ತೆಗೆದುಕೊಳ್ಳಿ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ ಬಡಿಸಿದರೆ ಮಂದದೃಷ್ಟಿಯವರಿಗೆ ಅನ್ನ ಎಲ್ಲಿ ಮುಗಿದು ತಟ್ಟೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಅದೇ ಅನ್ನ ಬಾಳೆ ಎಲೆಯ ಮೇಲೆ ಎದ್ದು ಕಾಣುತ್ತದೆ. ಗ್ಯಾಸ್ ಒಲೆಯ ತಿರುಗಣೆಯಲ್ಲಿ ‘ಸಿಮ್’ ಬರುವ ಜಾಗಕ್ಕೆ ಉಬ್ಬಿದ ಒಂದು ಚುಕ್ಕಿ ಅಂಟಿಸಿದರೆ ಬೆರಳೇ ಅದನ್ನು ಪತ್ತೆಹಚ್ಚುತ್ತದೆ. ಬಿಳಿ ಟೈಲ್ಸಿನ ಬಚ್ಚಲಿಗೆ ಗಾಢ ಬಣ್ಣದ ಚೊಂಬು, ಮೆಟ್ಟಿಲಂಚಿಗೆ ಹಳದಿ ಪಟ್ಟಿ, ಬೆಳಗಿನ ಮಾತ್ರೆಯ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಇವೆಲ್ಲ ಕೆಲವೇ ರೂಪಾಯಿಗಳ ಮಾತು. ಬೆಳಕಿನದು ಇನ್ನೂ ದೊಡ್ಡ ವಿಷಯ. ಕಣ್ಣಿನ ಪಾಪೆ ಕಿರಿದಾಗಿ ಮಸೂರ ಹಳದಿಗಟ್ಟುವುದರಿಂದ, 60ರ ಹರೆಯದಲ್ಲಿ ರೆಟಿನಾಕ್ಕೆ ತಲುಪುವ ಬೆಳಕು 20ರಲ್ಲಿ ತಲುಪುತ್ತಿದ್ದುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಆದರೂ ನಮ್ಮ ಮನೆಗಳಲ್ಲಿ ಅಜ್ಜಿ ಅಕ್ಕಿ ಆರಿಸುವುದು ಸೂರಿನ ಒಂದೇ ಟ್ಯೂಬ್‌ಲೈಟಿನ ಕೆಳಗೆ, ತಮ್ಮದೇ ನೆರಳಿನಲ್ಲಿ. ದೀಪವನ್ನು ಪಕ್ಕಕ್ಕೆ, ಮೊರದ ಹತ್ತಿರಕ್ಕೆ ತಂದರೆ ಅರ್ಧ ಕಷ್ಟ ಕಳೆಯುತ್ತದೆ. ಮ್ಯಾಕುಲಾ ಸವೆದು ನೋಟದ ನಡುಭಾಗವೇ ಅಳಿಸಿಹೋದವರಿಗೆ, ವಸ್ತುವಿನ ನೇರಕ್ಕಲ್ಲದೆ ತುಸು ಪಕ್ಕಕ್ಕೆ ದೃಷ್ಟಿ ಇಟ್ಟು ಅಂಚಿನ ನೋಟದಿಂದ ಕಾಣುವುದನ್ನು ಕಲಿಸಬಹುದು. ಇದು ಒಂದೇ ದಿನಕ್ಕೆ ಬರುವಂಥದ್ದಲ್ಲ, ಅಭ್ಯಾಸ ಬೇಕು.

ಇವೆಲ್ಲ ಯಾರಿಗಾದರೂ ಹೊಳೆಯುವ ಸಂಗತಿಗಳು, ಇದಕ್ಕೊಂದು ಪರಿಣತಿ ಬೇಕೇ ಎಂದು ಕೇಳಬಹುದು. ನ್ಯೂಜಿಲೆಂಡಿನ ಡುನೆಡಿನ್ ಮತ್ತು ಆಕ್ಲೆಂಡ್ ನಗರಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. 75 ದಾಟಿದ, ದೃಷ್ಟಿ ಬಹಳ ಕುಂದಿದ 391 ಮಂದಿ ಅದರಲ್ಲಿದ್ದರು. ಕೆಲವರ ಮನೆಗೆ ಆಕ್ಯುಪೇಷನಲ್ ಥೆರಪಿಸ್ಟರು ಹೋಗಿ ಅಪಾಯದ ಜಾಗಗಳನ್ನು ಗುರುತಿಸಿ ಸರಿಪಡಿಸಿದರು, ಕೆಲವರಿಗೆ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ಕಲಿಸಲಾಯಿತು. ಥೆರಪಿಸ್ಟರು ಹೋದ ಮನೆಗಳಲ್ಲಿ ಬೀಳುವುದು ಶೇ 41ರಷ್ಟು ಕಡಿಮೆಯಾಯಿತು. ವ್ಯಾಯಾಮದ ಕಾರ್ಯಕ್ರಮದಿಂದ ಒಟ್ಟಾರೆ ಅಂಥ ಇಳಿಕೆ ಕಾಣಲಿಲ್ಲ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಹಿರಿಯರ ಪಾಡು ಬಲ್ಲ ಯಾರಿಗೂ ಈ ಅಂಕಿಯ ಬೆಲೆ ವಿವರಿಸಬೇಕಾಗಿಲ್ಲ. ಮನಸ್ಸಿನ ಮೇಲೂ ಪರಿಣಾಮವಿದೆ. ಅಮೆರಿಕದಲ್ಲಿ ಮ್ಯಾಕುಲಾ ಸವೆತದ 188 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಥೆರಪಿಸ್ಟರು ಮನೆಗೇ ಹೋಗಿ ಅವರಿಗೆ ಇಷ್ಟವಾದ ಚಟುವಟಿಕೆಗಳನ್ನು ಮತ್ತೆ ಶುರುಮಾಡಿಸಿದ ಗುಂಪಿನಲ್ಲಿ ನಾಲ್ಕು ತಿಂಗಳಲ್ಲಿ ಖಿನ್ನತೆಗೆ ಜಾರಿದವರು ಶೇ 12.6. ಬರೀ ಸಾಂತ್ವನದ ಮಾತುಕತೆ ಸಿಕ್ಕ ಗುಂಪಿನಲ್ಲಿ ಶೇ 23.4.

ಮನೆ ತುಂಬ ಮಕ್ಕಳು, ಸೊಸೆಯಂದಿರು ಇರುವಾಗ ಹಿರಿಯರೇಕೆ ಒಲೆ ಮುಟ್ಟಬೇಕು ಎಂಬುದು ನಮ್ಮಲ್ಲಿ ಕೇಳಿಬರುವ ಇನ್ನೊಂದು ಮಾತು. ಅದರ ಹಿಂದಿನ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ‘ನೀವು ಕೂತ್ಕೊಳ್ಳಿ ಅತ್ತೆ, ನಾನು ಮಾಡ್ತೀನಿ’ ಎಂದು ಒಂದೊಂದೇ ಕೆಲಸ ಕೈಯಿಂದ ತೆಗೆದುಕೊಂಡರೆ, ಕಣ್ಣು ಕಸಿಯದೇ ಬಿಟ್ಟದ್ದನ್ನೂ ನಾವೇ ಕಸಿದಂತಾಗುತ್ತದೆ. ಹಗಲೆಲ್ಲ ಎಲ್ಲರೂ ದುಡಿಯಲು ಹೋಗುವ ಮನೆಗಳಲ್ಲಂತೂ ಆ ನೆರವೂ ಸಂಜೆಯವರೆಗೆ ಸಿಗುವುದಿಲ್ಲ.

ನಿಜವಾಗಿ ಭಾರವಾದ ಆಕ್ಷೇಪ ಒಂದೇ: ಥೆರಪಿಸ್ಟರು ಎಲ್ಲಿದ್ದಾರೆ? ಮಣಿಪಾಲದಂಥ ಕಡೆ ಈ ವಿದ್ಯೆ ಕಲಿಸುತ್ತಾರೆ, 2021ರ ಕೇಂದ್ರ ಕಾಯ್ದೆ ಈ ವೃತ್ತಿಗೆ ಮಾನ್ಯತೆ ಕೊಟ್ಟಿದೆ. ಆದರೂ ತಾಲ್ಲೂಕು ಆಸ್ಪತ್ರೆಗೆ ಹೋದರೆ ಇವರು ಸಿಗುವುದು ಕಷ್ಟ. ಕೊರತೆ ಇದೆ ಎಂದು ಕೈಕಟ್ಟಿ ಕೂರುವ ಬದಲು, ಇರುವವರಿಂದ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡಿಸಬಹುದು. ರಾಜ್ಯದ ಆಶಾಕಿರಣ ಯೋಜನೆಯಲ್ಲಿ ಅವರು ಈಗಾಗಲೇ ಕಣ್ಣಿನ ತಪಾಸಣೆಗೆಂದು ಮನೆಮನೆಗೆ ಹೋದವರು. ಕನ್ನಡಕದ ಪಟ್ಟಿಯ ಜೊತೆಗೆ ಬೆಳಕು, ಮೆಟ್ಟಿಲು, ಬಚ್ಚಲು, ಒಲೆ ಈ ನಾಲ್ಕನ್ನು ನೋಡಿ ಬರುವ ಜವಾಬ್ದಾರಿ ಅವರಿಗಿರಲಿ, ಅದಕ್ಕೆ ತಕ್ಕ ಗೌರವಧನವೂ ಸಿಗಲಿ. ಕಷ್ಟದ ಪ್ರಕರಣಗಳು ಜಿಲ್ಲಾ ಆಸ್ಪತ್ರೆಯ ಥೆರಪಿಸ್ಟರ ಬಳಿಗೆ ಬರಲಿ. ಪ್ರತಿ ಜಿಲ್ಲಾ ಆಸ್ಪತ್ರೆಗೂ ಇಂಥ ಒಂದು ಹುದ್ದೆ ಮಂಜೂರು ಮಾಡುವುದು ಸರ್ಕಾರದ ಶಕ್ತಿ ಮೀರಿದ್ದಲ್ಲ. ಅಲ್ಲಿಯವರೆಗೆ ಓದುಗರು ಇಷ್ಟಾದರೂ ಮಾಡಬಹುದು: ನಿಮ್ಮ ಮನೆಯ ಹಿರಿಯರ ಕಣ್ಣಿಗೆ ಇನ್ನು ಔಷಧಿಯಿಲ್ಲ ಎಂದು ವೈದ್ಯರು ಹೇಳಿದ ದಿನ, ಮಂದದೃಷ್ಟಿ ವಿಭಾಗ ಎಲ್ಲಿದೆ, ಆಕ್ಯುಪೇಷನಲ್ ಥೆರಪಿಸ್ಟರು ಎಲ್ಲಿ ಸಿಗುತ್ತಾರೆ ಎಂದು ಕೇಳಿ, ಚೀಟಿ ಬರೆಸಿಕೊಂಡೇ ಹೊರಗೆ ಬನ್ನಿ.